ಹೊರಡಲೊಲ್ಲದ ಅತಿಥಿಯನ್ನು ಕಾನೂನಿನ ದಾರಿಯಲ್ಲೇ ಕಳಿಸುವುದು ಹೇಗೆ?

ನಾಲ್ಕು ದಿನಕ್ಕೆಂದು ಬಂದವರು ನಾಲ್ಕು ತಿಂಗಳಾದರೂ ಕದಲದಿದ್ದರೆ ಸಿಟ್ಟು ಬರುವುದು ಸಹಜ. ಆದರೂ ಅವರು ಹೊರಗೆ ಹೋದಾಗ ಬೀಗ ಬದಲಿಸುವುದು, ಸಾಮಾನು ಬೀದಿಗಿಡುವುದು, ಕರೆಂಟು ನೀರು ನಿಲ್ಲಿಸುವುದು ಬೇಡ. ಕಾನೂನಿನ ದಾರಿ ಬಿಟ್ಟು ತಮ್ಮನ್ನು ಹೊರಹಾಕಿದರೆಂದು ಯಾರಾದರೂ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ 6 ತಿಂಗಳೊಳಗೆ ದಾವೆ ಹೂಡಬಹುದು. ಆ ದಾವೆಯಲ್ಲಿ ಮನೆ ಯಾರದ್ದೆಂಬುದು ಮುಖ್ಯವಲ್ಲ. ಕೊನೆಗೆ ಅವರು ಸೋತರೂ ಅಷ್ಟು ದಿನ ಕೋರ್ಟಿಗೆ ಅಲೆಯುವವರು ನೀವು.

ಅತಿಥಿಗಿರುವುದು ನಿಮ್ಮ ಅನುಮತಿ ಮಾತ್ರ. ವಕೀಲರು ಇದನ್ನು ಲೈಸೆನ್ಸ್ ಎನ್ನುತ್ತಾರೆ. ಪುಕ್ಕಟೆಯಾಗಿ ಉಳಿಯಲು ಬಿಟ್ಟವರಿಗೆ ಎಷ್ಟೇ ವರ್ಷ ಕಳೆದರೂ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂದು ಮಾರಿಯಾ ಮಾರ್ಗರಿಡಾ ಪ್ರಕರಣದಲ್ಲಿ (2012) ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಕೊಟ್ಟ ಅನುಮತಿಯನ್ನು ಹಿಂತೆಗೆದುಕೊಳ್ಳಬಹುದು, ಆದರೆ ಹೊರಡಲು ನ್ಯಾಯವಾದ ಕಾಲಾವಕಾಶ ಕೊಡಬೇಕು. 1882ರ ಅನುಭೋಗ ಹಕ್ಕುಗಳ ಕಾಯ್ದೆಯ 60 ಮತ್ತು 63ನೇ ಕಲಂಗಳ ಸಾರ ಇಷ್ಟೇ.

ಕೇಸು ಕೆಡುವುದು ಹೆಚ್ಚಾಗಿ ಹಣದಿಂದ. ತಿಂಗಳಿಗಿಷ್ಟೆಂದು ದುಡ್ಡು ಪಡೆದು, ಪ್ರತ್ಯೇಕ ಕೋಣೆ ಬಿಟ್ಟುಕೊಟ್ಟಿದ್ದರೆ ಅವರು ‘ನಾನು ಬಾಡಿಗೆದಾರ’ ಎನ್ನುತ್ತಾರೆ. ಆಗ ವಿವಾದದ ರೂಪವೇ ಬದಲಾಗುತ್ತದೆ. ಇಂದಿನಿಂದಲೇ ಹಣ ಪಡೆಯುವುದನ್ನು ನಿಲ್ಲಿಸಿ. ಫೋನಿಗೆ ಕಳಿಸಿದರೆ ವಾಪಸ್ ಹಾಕಿ, ಯಾಕೆ ವಾಪಸ್ ಮಾಡಿದಿರೆಂದು ಒಂದು ಸಾಲು ಬರೆದಿಡಿ. ಆಧಾರ್ ವಿಳಾಸ ಬದಲಾವಣೆಗೆ ಅಥವಾ ಬ್ಯಾಂಕಿನ ಕಾಗದಕ್ಕೆ ಸಹಿ ಕೇಳಿದರೆ ಕೊಡಬೇಡಿ.

ಮೊದಲು ಬಾಯಿಮಾತಿನಲ್ಲಿ ದಿನಾಂಕ ಸಮೇತ ಹೇಳಿ, ಅದೇ ಮಾತನ್ನು ವಾಟ್ಸಾಪ್‌ನಲ್ಲಿ ಕಳಿಸಿ. ‘ಬೇಗ ನೋಡ್ಕೊಳ್ಳಿ’ ಎಂಬಂಥ ಮಾತು ಮುಂದೆ ಉಪಯೋಗಕ್ಕೆ ಬಾರದು. ಸಂದೇಶಗಳನ್ನು ಅಳಿಸಬೇಡಿ. ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅಡಿ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರ ಬೇಕಾಗುತ್ತದೆ.

ಅದಕ್ಕೂ ಜಗ್ಗದಿದ್ದರೆ ವಕೀಲರಿಂದ ನೋಟಿಸು. ಅದರಲ್ಲಿ ಅವರು ಯಾವತ್ತು ಬಂದರು, ಯಾವ ಕಾರಣಕ್ಕೆ ಉಳಿಸಿಕೊಂಡಿರಿ, ಬಾಡಿಗೆಯ ಮಾತೇ ಇರಲಿಲ್ಲವೆಂಬುದು, ಅನುಮತಿ ರದ್ದಾಗಿದೆ ಎಂಬುದು, ಹೊರಡಬೇಕಾದ ದಿನಾಂಕ ಎಲ್ಲವೂ ಇರಬೇಕು. ನೋಟಿಸು ಕೈಸೇರಿದ ಮೇಲೆ ಪೂರ್ತಿ 15 ದಿನಕ್ಕಿಂತ ಕಡಿಮೆ ಗಡುವು ಕೊಡಬೇಡಿ. ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಆಸ್ತಿ ವರ್ಗಾವಣೆ ಕಾಯ್ದೆ ಕೇಳುವುದೂ 15 ದಿನವೇ. ಹಾಗಾಗಿ ಬಾಡಿಗೆಯ ವಾದ ಎದ್ದರೂ ನಿಮ್ಮ ನೋಟಿಸು ಆ ಒಂದು ಕಾರಣಕ್ಕೆ ಬೀಳುವುದಿಲ್ಲ. ‘ಬಾಡಿಗೆ ಬಾಕಿ’ ಎಂಬ ಪದ ಮಾತ್ರ ಎಲ್ಲೂ ನುಸುಳದಿರಲಿ. ಸ್ವೀಕೃತಿ ಸಮೇತ ಅಂಚೆಯಲ್ಲಿ ಕಳಿಸಿ. ‘ತಿರಸ್ಕರಿಸಿದ್ದಾರೆ’ ಎಂಬ ಷರಾ ಹೊತ್ತು ಲಕೋಟೆ ಹಿಂದಿರುಗಿದರೆ ಅದನ್ನು ಒಡೆಯದೆ ಹಾಗೇ ಇಟ್ಟುಕೊಳ್ಳಿ, ಕೋರ್ಟಿನಲ್ಲಿ ಅದೇ ಪುರಾವೆ.

ನೋಟಿಸಿನ ಜೊತೆಗೇ ಕೋರ್ಟಿನಲ್ಲಿ ಕೇವಿಯಟ್ ಎಂಬ ಮುನ್ನೆಚ್ಚರಿಕೆ ಅರ್ಜಿ ಹಾಕಿಸಿ. ಅತಿಥಿಯೇ ಮೊದಲು ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಿದರೆ, ನಿಮ್ಮ ಮಾತು ಕೇಳದೆ ಆದೇಶ ಆಗದಂತೆ ಇದು ಕಾಯುತ್ತದೆ. ಅವಧಿ 90 ದಿನ. ಮುಗಿಯುವ ಮುನ್ನ ಹೊಸದಾಗಿ ಸಲ್ಲಿಸಬೇಕು.

ಪೊಲೀಸರು ಸಾಮಾನ್ಯವಾಗಿ ಇದು ಸಿವಿಲ್ ವ್ಯಾಜ್ಯ ಎಂದು ಕೈಚೆಲ್ಲುತ್ತಾರೆ, ಬರೀ ಹೊರಡದಿರುವುದಕ್ಕೆ ಅದು ಸರಿಯೂ ಹೌದು. ಆದರೆ ಬೆದರಿಸಲು, ಅವಮಾನಿಸಲು ಅಥವಾ ಕಿರುಕುಳ ಕೊಡುವ ಉದ್ದೇಶದಿಂದಲೇ ಒಳಗೆ ಉಳಿದಿದ್ದರೆ ಅದು 2023ರ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅಡಿ ಅತಿಕ್ರಮ ಪ್ರವೇಶ. ಘಟನೆ, ದಿನಾಂಕ, ಸಾಕ್ಷಿಗಳನ್ನು ಬರೆದು ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಹೊಡೆದಾಟವಾದರೆ 112ಕ್ಕೆ ಕರೆ ಮಾಡಿ.

ಗಡುವು ಮುಗಿದರೆ ತಡಮಾಡದೆ ದಾವೆ ಹೂಡಿ. ಅನುಮತಿ ರದ್ದಾದ ಮೇಲೂ ಕೂತವರನ್ನು ಹೊರಡಿಸಲು ಮ್ಯಾಂಡೇಟರಿ ಇಂಜಂಕ್ಷನ್ (ಇಂಥದ್ದನ್ನು ಮಾಡಲೇಬೇಕೆಂಬ ಕೋರ್ಟಿನ ಆಜ್ಞೆ) ಕೇಳಬಹುದೆಂದು ಸಂತ್ ಲಾಲ್ ಜೈನ್ ಪ್ರಕರಣದಲ್ಲಿ (1985) ಸುಪ್ರೀಂ ಕೋರ್ಟ್ ಹೇಳಿದ್ದು, ಮಾಲೀಕರು ಬೇಗನೆ ಬಂದಿದ್ದರೆ ಎಂಬ ಷರತ್ತಿನ ಮೇಲೆ. ವರ್ಷಗಟ್ಟಲೆ ಸುಮ್ಮನಿದ್ದರೆ ಸ್ವಾಧೀನದ ದಾವೆಯೇ ಬೇಕಾಗಬಹುದು, ಖರ್ಚೂ ಏರುತ್ತದೆ. ಗಡುವು ಮೀರಿ ಉಳಿದ ದಿನಗಳಿಗೆ ಪರಿಹಾರವನ್ನೂ ಅದೇ ವಾದಪತ್ರದಲ್ಲಿ ಕೇಳಿ.

ಇಬ್ಬರ ವಿಷಯದಲ್ಲಿ ಈ ದಾರಿ ನೇರವಾಗಿ ನಡೆಯದು. ಸೊಸೆ ಅತಿಥಿಯಲ್ಲ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆಕೆಗೆ ಹಂಚಿಕೊಂಡ ಮನೆಯಲ್ಲಿ ವಾಸದ ಹಕ್ಕು ಕೊಟ್ಟಿದೆ. ಇನ್ನು 60 ದಾಟಿದ ತಂದೆತಾಯಿಯನ್ನು ಮಕ್ಕಳೇ ಕಾಡುತ್ತಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಹೋಗಿ. ಅವರ ರಕ್ಷಣೆಗೆ ಅಗತ್ಯ ಕಂಡರೆ ಮಕ್ಕಳನ್ನು ಹೊರಕಳಿಸುವ ಆದೇಶವೂ ಆಗಬಹುದು.

ದಾವೆ ಗೆದ್ದು ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ, ಕೈಗೆ ಬಂದ ದಿನವೇ ಬೀಗ ಬದಲಿಸಲು ಓಡಬೇಡಿ. ಅತಿಥಿ ಒಪ್ಪದಿದ್ದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಿ. ಕೋರ್ಟಿನ ಅಮೀನರು ಬಂದು ಸ್ವಾಧೀನ ಕೊಡಿಸುತ್ತಾರೆ, ಗಲಾಟೆಯ ಭಯವಿದ್ದರೆ ಪೊಲೀಸ್ ರಕ್ಷಣೆಯನ್ನೂ ಕೇಳಿ. ಬಿಟ್ಟುಹೋದ ಸಾಮಾನಿನ ಪಟ್ಟಿಯನ್ನು ಅಮೀನರೆದುರೇ ಮಾಡಿ, ವಿಡಿಯೊ ತೆಗೆದು, ಇಂಥ ದಿನದೊಳಗೆ ಒಯ್ಯಿರಿ ಎಂದು ಅತಿಥಿಗೆ ಬರವಣಿಗೆಯಲ್ಲಿ ತಿಳಿಸಿ. ಅಲ್ಲಿಯವರೆಗೆ ಒಂದು ಚೀಲವನ್ನೂ ಎಸೆಯಬೇಡಿ.