ಬಿಸಿಲು ಬೇರೆ, ಸೆಕೆ ಬೇರೆ

ನಾನು ಹಾಸನದ ಕಡೆಯವಳು. ಉಡುಪಿ ಹತ್ತಿರದ ಈ ಮನೆಗೆ ಬಂದಾಗ ಲಾರಿಯಲ್ಲಿ ಪಾತ್ರೆ ಪಗಡಗಳ ಜೊತೆ ಹದಿನಾಲ್ಕು ಹೂಕುಂಡಗಳೂ ಬಂದಿದ್ದವು. ಡೇರೆ, ಪೆಟೂನಿಯ, ಜೆರೇನಿಯಂ, ಗುಲಾಬಿ. ನಮ್ಮೂರಿನ ಬಿಸಿಲು ಕಂಡ ಗಿಡಗಳು, ಇಲ್ಲಿನ ಬಿಸಿಲಿಗೆ ಹೆದರುತ್ತವಾ ಎಂದುಕೊಂಡಿದ್ದೆ. ಏಪ್ರಿಲ್ ಮುಗಿಯುವಾಗ ಮೂರು ಗುಲಾಬಿ ಉಳಿದಿದ್ದವು. ಅವೂ ಬರೀ ಕಡ್ಡಿ.

ಬಿಸಿಲು ಬೇರೆ, ಸೆಕೆ ಬೇರೆ ಅಂತ ಗೊತ್ತಾಗಲು ನನಗೆ ಎರಡು ಬೇಸಿಗೆ ಬೇಕಾಯಿತು. ಹಾಸನದಲ್ಲಿ ಮಧ್ಯಾಹ್ನ ಎಷ್ಟೇ ಸುಟ್ಟರೂ ರಾತ್ರಿ ತಣ್ಣಗಾಗುತ್ತದೆ. ಗಿಡ ಸುಧಾರಿಸಿಕೊಳ್ಳುತ್ತದೆ. ಇಲ್ಲಿ ಹಗಲು 34 ಡಿಗ್ರಿ ಇದ್ದರೆ ರಾತ್ರಿಯೂ 26, 27. ಗಾಳಿಯಲ್ಲಿ ನೀರು ತುಂಬಿರುತ್ತದೆ, ಆದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮಣ್ಣು ಮಾತ್ರ ಒಣಗಿ ಬಿರುಸಾಗಿರುತ್ತದೆ. ನನಗೇ ಬೆವರು ಸುರಿಯುತ್ತಿತ್ತಲ್ಲ, ಗಿಡಗಳಿಗೂ ಹಾಗೇ ಅಂತ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಪೈಪ್ ಹಿಡಿದು ಎಲೆ ಮೇಲೆ ನೀರು ಹೊಡೆಯುತ್ತಿದ್ದೆ. ಸಂಜೆ ಒದ್ದೆಯಾದ ಎಲೆ ಈ ಗಾಳಿಗೆ ಬೆಳಗಿನವರೆಗೂ ಆರುವುದಿಲ್ಲ. ಎಲೆ ತುಂಬಾ ಕಂದು ಚುಕ್ಕೆ. ಕುಂಡದೊಳಗೆ ಬೇರು ಕೊಳೆತು ಕೆಟ್ಟ ವಾಸನೆ.

ಪಕ್ಕದ ಮನೆಯ ಅಕ್ಕ ಒಂದು ದಿನ ಬೇಲಿ ಆಚೆಯಿಂದ ಕೇಳಿಯೇ ಬಿಟ್ಟರು. "ಎಂತ ಮಾರಾಯ್ರೆ, ದಿನಕ್ಕೆ ಎರಡು ಸಲ ಗಿಡಕ್ಕೆ ಸ್ನಾನ ಮಾಡಿಸುವುದಾ? ನೀರು ಕುಡಿಯುವುದು ಬೇರು ಅಲ್ವಾ?" ಅಷ್ಟು ಹೇಳಿ ಒಳಗೆ ಹೋದವರು ಐದು ಮಲ್ಲಿಗೆ ಸಸಿ ತಂದುಕೊಟ್ಟರು. ಶಂಕರಪುರದ ಮಲ್ಲಿಗೆ. ಗೆಲ್ಲು, ಅಂದರೆ ಕೊಂಬೆ, ಊರಿ ಅವರೇ ಬೇರು ಬರಿಸಿದ್ದು.

ಒಂದೂವರೆ ಅಡಿ ಗುಂಡಿ ತೋಡಿಸಿದೆ. ಮುರಕಲ್ಲು ಅಗೆಯುವುದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೆ ಹಟ್ಟಿಗೊಬ್ಬರ, ಸ್ವಲ್ಪ ಮರಳು, ಮತ್ತೆ ಸುಡುಮಣ್ಣು. ಈ ಸುಡುಮಣ್ಣು ನನಗೆ ಹೊಸದು. ಒಣ ಎಲೆ, ಕಡ್ಡಿಗಳ ಮೇಲೆ ಮಣ್ಣು ಹೊದಿಸಿ ನಿಧಾನಕ್ಕೆ ಸುಡುತ್ತಾರೆ. ತಣ್ಣಗಾದ ಮೇಲೆ ಮಣ್ಣು ಪುಡಿಪುಡಿ, ಹಗುರ. ನೀರು ನಿಲ್ಲುವುದಿಲ್ಲ. ಅಂಗಡಿಯಿಂದ ಚೀಲಗಟ್ಟಲೆ ತಂದು ಕುಂಡಕ್ಕೆ ತುಂಬಿದ್ದ ತೆಂಗಿನ ನಾರಿನ ಪುಡಿಗಿಂತ ಈ ಹವೆಗೆ ಇದೇ ವಾಸಿ ಎನ್ನುವುದು ನನ್ನ ಅನುಭವ. ನಾರಿನ ಪುಡಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿ ನನಗೆ ಬೇಕಾದದ್ದು ಅದಲ್ಲ.

ಎರಡನೇ ಬೇಸಿಗೆಗೆ ಗಿಡ ಸೊಂಟದೆತ್ತರ ಬಂತು. ಹಸಿರೋ ಹಸಿರು. ಹೂ ಮಾತ್ರ ದಿನಕ್ಕೆ ಹತ್ತೋ ಹದಿನೈದೋ. ಅಕ್ಕ ನೋಡಿ ನಕ್ಕರು. "ಗೆಲ್ಲು ಸವರಿದ್ದೀರಾ?" ಇಲ್ಲ. ಅಷ್ಟು ಚೆಂದಕ್ಕೆ ಬೆಳೆದದ್ದನ್ನು ಕಡಿಯಲು ಮನಸ್ಸು ಬಂದಿರಲಿಲ್ಲ.

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಗೆಲ್ಲು ಹಾಗೇ ಬಿಟ್ಟರೆ ಎಲೆಯೇ ಎಲೆ. ಆ ವರ್ಷ ನವೆಂಬರ್ ಕೊನೆಗೆ ಕತ್ತರಿ ಹಿಡಿದೆ. ಒಣಗಿದ್ದು, ಒಳಗೆ ಸಿಕ್ಕಿಕೊಂಡದ್ದು, ಸಪೂರ ಕಡ್ಡಿ ಎಲ್ಲ ತೆಗೆದೆ. ಉಳಿದದ್ದನ್ನೂ ಅರ್ಧಕ್ಕೆ ಇಳಿಸಿದೆ. ಹತ್ತು ದಿನ ನೀರು ಕಡಿಮೆ ಮಾಡಿದೆ. ಆಮೇಲೆ ಬುಡ ಬಿಡಿಸಿ ಗೊಬ್ಬರ ಕೊಟ್ಟು ನೀರು ಶುರು ಮಾಡಿದೆ. ಬೋಳು ಗಿಡ ನೋಡಿ ನಮ್ಮವರು "ಇದೂ ಹೋಯ್ತಾ?" ಎಂದರು. ಹದಿನಾಲ್ಕು ಕುಂಡದ ಚರಿತ್ರೆ ಗೊತ್ತಿದ್ದವರು, ಹಾಗೆ ಕೇಳಿದ್ದರಲ್ಲಿ ತಪ್ಪಿಲ್ಲ.

ಜನವರಿಯಲ್ಲಿ ಚಿಗುರು. ಫೆಬ್ರವರಿ ಕೊನೆಗೆ ಮೊಗ್ಗು. ಏಪ್ರಿಲ್ ಎರಡನೇ ವಾರದ ಒಂದು ಬೆಳಿಗ್ಗೆ ಆರು ಗಂಟೆಗೆ ಕೊಯ್ಯಲು ಶುರು ಮಾಡಿದವಳು ಮುಗಿಸುವಾಗ ಏಳೂವರೆ. ಮೊಗ್ಗನ್ನು ಬೆಳಿಗ್ಗೆಯೇ ಕೊಯ್ಯಬೇಕು. ಸಂಜೆಗೆ ಅರಳುವ, ಬೆಳ್ಳಗೆ ತುಂಬಿದ ಮೊಗ್ಗು ಮಾತ್ರ. ಹಸಿರು ಇರುವುದು ನಾಳೆಗೆ. ಎಣಿಸಿದೆ. ಐದು ಗಿಡದಿಂದ 812. ಇಲ್ಲಿ ಮಲ್ಲಿಗೆ ಲೆಕ್ಕ ಚೆಂಡು, ಅಟ್ಟೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ನನ್ನ ಅಂಗಳದಲ್ಲೂ ಒಂದು ಚೆಂಡು! ಬಾಳೆ ನಾರು ಒದ್ದೆ ಮಾಡಿಕೊಂಡು ಕಟ್ಟಲು ಕುಳಿತೆ. ಅಕ್ಕ ಮಾತಾಡುತ್ತಾ ಟಿವಿ ನೋಡುತ್ತಾ ಕಟ್ಟುವ ಕೆಲಸ ಅದು. ನನಗೆ ಮೂರು ಗಂಟೆ ಹಿಡಿಯಿತು. ಕಟ್ಟಿದ್ದೂ ಅಷ್ಟಕ್ಕಷ್ಟೇ, ಎತ್ತಿದರೆ ಮೊಗ್ಗು ಉದುರುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ಹುಳದ ಪಾಠ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಸಣ್ಣ ತೂತು ಕಂಡು, ಎರಡು ಮೂರು ಮೊಗ್ಗು ಬಲೆಯಲ್ಲಿ ಅಂಟಿಕೊಂಡಿದ್ದರೆ ಒಳಗೆ ಹುಳ ಇದೆ ಎಂದೇ ಅರ್ಥ. ಅಂಥವನ್ನು ಕಿತ್ತು ಸಾಬೂನು ನೀರಿಗೆ ಹಾಕುತ್ತೇನೆ, ಬುಡದಲ್ಲಿ ಬಿಸಾಡುವುದಿಲ್ಲ. ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸಾಬೂನು ದ್ರಾವಣ ಕಲಸಿ ಬಿಸಿಲು ಇಳಿದ ಮೇಲೆ ಸಿಂಪಡಿಸುತ್ತೇನೆ. ಎಲೆ ಅಡಿಯಲ್ಲಿ ನುಸಿ ಬಂದು ಮೇಲೆಲ್ಲಾ ಬಿಳಿಚಿಕೊಂಡರೆ ಮಾತ್ರ ಪೈಪ್ ಹಿಡಿದು ಎಲೆ ಅಡಿಗೆ ಜೋರಾಗಿ ನೀರು ಹೊಡೆಯುವುದು. ಹೌದು, ಅದೇ ಸ್ನಾನ. ಆದರೆ ಬೆಳಿಗ್ಗೆ, ಬಿಸಿಲಿಗೆ ಆರುವ ಹಾಗೆ.

ಮೊಗ್ಗು ಬರುವ ಕಾಲಕ್ಕೆ ಹದಿನೈದು ದಿನಕ್ಕೊಮ್ಮೆ ನೆಲಗಡಲೆ ಹಿಂಡಿ ಕೊಡುತ್ತೇನೆ. ಒಂದು ಹಿಡಿಯನ್ನು ಐದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಅಷ್ಟೇ ನೀರು ಸೇರಿಸಿ ಬುಡಕ್ಕೆ. ವಾಸನೆ ಬಗ್ಗೆ ಕೇಳಬೇಡಿ. ನೆಂಟರು ಬರುವ ದಿನ ಈ ಕೆಲಸ ಬೇಡ.

ಬೇರೆ ಹೂಗಳ ಕಥೆ ಸಣ್ಣದು. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದರೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತೇನೆ. ಕೇಪಳಕ್ಕೆ ನಾನೇನೂ ಮಾಡುವುದಿಲ್ಲ, ಅದು ಗುಡ್ಡೆಯಲ್ಲಿ ತಾನೇ ಬೆಳೆಯುವ ಗಿಡ. ಹತ್ತು ಗಂಟೆ ಹೂವಿಗೆ ಅರ್ಧಕ್ಕರ್ಧ ಮರಳು, ಇಡೀ ದಿನ ಬಿಸಿಲು. ಟೆರೇಸಿನ ಕುಂಡಗಳನ್ನು ಇಟ್ಟಿಗೆ ಮೇಲೆ ಇಟ್ಟಿದ್ದೇನೆ, ಇಲ್ಲದಿದ್ದರೆ ಕಾದ ಸಿಮೆಂಟಿಗೆ ಬೇರು ಬೇಯುತ್ತದೆ. ನಿತ್ಯಪುಷ್ಪಕ್ಕೆ ನೀರು ಜಾಸ್ತಿಯಾದರೆ ಬುಡ ಕಪ್ಪಾಗಿ ಒಂದೇ ದಿನದಲ್ಲಿ ಬಾಡುತ್ತದೆ. ಮತ್ತೆ ಮೇ ಫ್ಲವರ್. ಅದರ ಗೆಡ್ಡೆ ಒಂದನ್ನು ಹಿತ್ತಲ ಮೂಲೆಯಲ್ಲಿ ಹೂತು ಮರೆತೇ ಬಿಟ್ಟಿದ್ದೆ. ಒಂದು ಗುಡುಗು ಮಳೆ ಬಂದದ್ದೇ ತಡ, ಒಂದು ವಾರದಲ್ಲಿ ಎಲೆಯೇ ಇಲ್ಲದೆ ಒಂದು ದಂಟು, ಅದರ ತುದಿಗೆ ಕೆಂಪು ಚೆಂಡು. ಇಷ್ಟು ಉಪಚಾರ ಮಾಡಿಸಿಕೊಂಡ ಮಲ್ಲಿಗೆಗೆ ಸ್ವಲ್ಪ ನಾಚಿಕೆಯಾಗಿರಬೇಕು.

ಮೇ ತಿಂಗಳು ನಿಜಕ್ಕೂ ಕಷ್ಟ. ಬಾವಿ ನೀರು ತಳ ಹಿಡಿಯುತ್ತದೆ. ಅಕ್ಕಿ ತೊಳೆದ ನೀರು, ಬಸಳೆ ತೊಳೆದ ನೀರು ಎಲ್ಲ ಮಲ್ಲಿಗೆ ಬುಡಕ್ಕೆ ಹೋಗುತ್ತದೆ. ಬುಡದ ಸುತ್ತ ತೆಂಗಿನ ಸಿಪ್ಪೆಯನ್ನು ಕವುಚಿ ಹಾಕಿ, ಮೇಲೆ ಒಣ ಎಲೆ ಹೊದಿಸಿದ್ದೇನೆ. ಈಗ ಎರಡು ದಿನಕ್ಕೊಮ್ಮೆ ಒಂದು ಕೊಡಪಾನ ನೀರು ಎರಡು ಗಿಡಕ್ಕೆ ಸಾಕಾಗುತ್ತದೆ.

ಪತ್ತನಾಜೆ, ಅಂದರೆ ಮೇ ಕೊನೆಯ ವೇಳೆಗೆ ಬರುವ ತುಳುನಾಡಿನ ಆಚರಣೆಯ ದಿನ, ಬರುವ ಹೊತ್ತಿಗೆ ಪಡುವಣದಲ್ಲಿ ಮೋಡ ಏಳುತ್ತದೆ. ಕಳೆದ ಸಲ ಮೊದಲ ಜೋರು ಮಳೆ ರಾತ್ರಿ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ಅರ್ಧ ಮೊಗ್ಗು ಕಂದಾಗಿದ್ದವು. ಒಳ್ಳೆಯದನ್ನು ಆರಿಸಿದೆ, ಒಂದು ಮೊಳ ಆಯಿತು. ಅಕ್ಕನ ಮನೆಗೆ ಕೊಟ್ಟು ಬಂದೆ. "ಇನ್ನು ನವೆಂಬರಿಗೆ ಕತ್ತರಿ ಹಿಡಿದರೆ ಸಾಕು" ಎಂದರು.