ಅಡಿಕೆ ಹಾಳೆಯ ಮುಖವಾಡ, ಮಲಯಾಳಿ ನಾಲಿಗೆ: ಮಲೆನಾಡಿನ ಶಾಲೆಗಳಲ್ಲಿ ಮಕ್ಕಳ ನಾಟಕ

ಮಲಯಾಳಂ ಮನೆಮಾತಿನ ನಟಿ ಕನ್ನಡದ ಮಕ್ಕಳೆದುರು ನಿಲ್ಲುವ ಮೊದಲು ಪಳಗಿಸಬೇಕಾದ್ದು ನಾಲಿಗೆಯನ್ನು. ನಮ್ಮ ಮಲಯಾಳಂನಲ್ಲಿ ಎರಡು ಸ್ವರಗಳ ನಡುವಿನ ಒಂಟಿ ಕ, ತ ಮೆತ್ತಗಾಗುತ್ತವೆ. ಅದೇ ರೂಢಿಯಲ್ಲಿ ‘ಬೇಕು’ ಎಂದರೆ ‘ಬೇಗು’ ಎಂದು ಕೇಳಿಸುತ್ತದೆ, ‘ಕತೆ’ ‘ಕದೆ’ಯಾಗುತ್ತದೆ. ಪದದ ಕೊನೆಯ ಉಕಾರವೂ ಅರ್ಧ ನುಂಗಿಹೋಗಿ ಹಿಂದಿನ ಸಾಲಿಗೆ ಮಾತು ಮುಟ್ಟುವುದಿಲ್ಲ. ದಿನಾ ಹತ್ತು ನಿಮಿಷ ‘ನಾಕು–ನಾಗ’, ‘ಬೇಕು–ಬೇಗ’ ಎಂದು ಗಟ್ಟಿಯಾಗಿ ಹೇಳುತ್ತ, ಕೊನೆಯ ಸ್ವರಕ್ಕೆ ಒಂದೊಂದು ಚಪ್ಪಾಳೆ ತಟ್ಟಿ ಇದನ್ನು ಸರಿಮಾಡಿಕೊಂಡೆ. ಆಮೇಲೆ ನಾಲ್ಕನೇ ತರಗತಿಯ ಮಕ್ಕಳಿಂದ ಕತೆಯನ್ನು ತಿರುಗಿ ಹೇಳಿಸಿ, ಅವರ ಮಾತನ್ನೇ ನಾಟಕಕ್ಕೆ ತೆಗೆದುಕೊಳ್ಳುತ್ತೇನೆ. ನಾನು ಬರೆದ ‘ನಾಯಿಮರಿ’ ಅವರ ಬಾಯಲ್ಲಿ ‘ಕುನ್ನಿಮರಿ’ಯಾದರೆ ರಂಗದ ಮೇಲೂ ಕುನ್ನಿಮರಿಯೇ.

ಮುಖವಾಡಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯ ಸಾಮಾನು ನನಗೆ ಸಿಕ್ಕಿಲ್ಲ. ಬೇಸಿಗೆಯಲ್ಲಿ ತಾನಾಗಿ ಉದುರಿದ, ಬಿರುಕಿಲ್ಲದ ಅಗಲ ಹಾಳೆ ಆರಿಸಿ, ಮೆತ್ತಗಾಗುವವರೆಗೆ ನೀರಲ್ಲಿ ನೆನೆಸಬೇಕು. ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ನೆನೆದದ್ದನ್ನು ಕವುಚಿದ ಪಾತ್ರೆಯ ಮೇಲೆ ಹೊದಿಸಿ, ಬಟ್ಟೆಪಟ್ಟಿಯಿಂದ ಬಿಗಿದು ಎರಡು ದಿನ ನೆರಳಲ್ಲಿ ಒಣಗಿಸುತ್ತೇನೆ. ಬಿಸಿಲಿಗಿಟ್ಟರೆ ಸುರುಟಿಕೊಂಡು ಸೀಳುತ್ತದೆ. ಹಾಳೆ ಸೀಳುವುದು ಯಾವಾಗಲೂ ನಾರಿನ ಉದ್ದಕ್ಕೇ. ಹಾಗಾಗಿ ದಾರದ ತೂತನ್ನು ಅಂಚಿಗೆ ತಾಗಿಸದೆ ಅರ್ಧ ಇಂಚು ಒಳಗೆ ಹಾಕಿ, ಹಿಂಬದಿಗೆ ಹತ್ತಿಬಟ್ಟೆಯ ತುಂಡು ಅಂಟಿಸಬೇಕು. ಒಳಮೈ ನುಣುಪಾದ್ದರಿಂದ ನೇರವಾಗಿ ಬಳಿದ ಬಣ್ಣ ಎರಡೇ ಪ್ರದರ್ಶನಕ್ಕೆ ಸಿಪ್ಪೆಯಾಗಿ ಎದ್ದುಬರುತ್ತದೆ. ಉಪ್ಪುಕಾಗದದಿಂದ ಉಜ್ಜಿ, ಮೈದಾ ಅಂಟಿನಲ್ಲಿ ಹಳೆ ಪೇಪರ್ ಎರಡು ಪದರ ಹಚ್ಚಿ, ಪೂರ್ತಿ ಒಣಗಿದ ಮೇಲೆ ಅಕ್ರಿಲಿಕ್ ಬಳಿಯುತ್ತೇನೆ. ಮಳೆಗಾಲದಲ್ಲಿ ಇವಕ್ಕೆ ಬೂಷ್ಟು ಹಿಡಿಯುವುದು ಖಂಡಿತ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ಒಲೆಯ ಹೊಗೆಯಾಡುವ ಅಟ್ಟವೇ ಸರಿಯಾದ ಜಾಗ.

ಮುಖವಾಡ ಹಣೆಯಿಂದ ಮೇಲ್ದುಟಿಯವರೆಗೆ ಮಾತ್ರ ಇರಲಿ. ಬಾಯಿ ಮುಚ್ಚಿದರೆ ಮಾತು ಹಾಳೆಯೊಳಗೇ ಸುತ್ತುತ್ತದೆ. ಮತ್ತೊಂದು ಮಾತು, ಇದನ್ನು ಬಿಡಲೇಬೇಡಿ: ಮುಖವಾಡವನ್ನು ಮಕ್ಕಳ ಕಣ್ಣೆದುರೇ ಹಾಕಿಕೊಳ್ಳಿ. ಹುಲಿಯಾಗಿ ಬಾಗಿಲಿಂದ ನುಗ್ಗಿದರೆ ಅಂಗನವಾಡಿಯ ಒಂದು ಮಗು ಅಳುತ್ತದೆ, ಅದರ ಹಿಂದೆ ಹತ್ತು ಮಕ್ಕಳು ಅಳುತ್ತವೆ. ಅಲ್ಲಿಂದ ನಾಟಕವನ್ನು ಎತ್ತಿ ನಿಲ್ಲಿಸುವುದು ಕಷ್ಟ.

ಹೆಗ್ಗೋಡಿನ ನೀನಾಸಮ್ ತಿರುಗಾಟ 1985ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಸಾಮಾನು ಕಡಿಮೆಯಿದ್ದಷ್ಟೂ ದಾರಿ ಸಲೀಸು ಎನ್ನುವುದು ಊರೂರು ಅಲೆಯುವವರಿಗೆಲ್ಲ ಗೊತ್ತು. ನನ್ನದು ಒಂದು ಟ್ರಂಕು, ಎರಡು ಸೀರೆ, ಆರು ಮುಖವಾಡ, ಕೈಯಲ್ಲಿ ಹಿಡಿದು ಬಾರಿಸುವ ಒಂದು ದಮ್ಮಡಿ. ಒಂದರಿಂದ ಐದನೇ ತರಗತಿಗೆ 35 ನಿಮಿಷದ ಆಟ. ಅದಕ್ಕಿಂತ ಉದ್ದವಾದರೆ ಚಿಕ್ಕವರು ಕೂತಲ್ಲೇ ಜಾರತೊಡಗುತ್ತಾರೆ. ಮಕ್ಕಳನ್ನು ಮೂರು ಸಾಲಿನ ಅರ್ಧಚಂದ್ರದಲ್ಲಿ ಕೂರಿಸುತ್ತೇನೆ, ಕಿಟಕಿ ಅವರ ಬೆನ್ನಿಗೆ ಬರುವಂತೆ, ಬೆಳಕು ನನ್ನ ಮೇಲೆ ಬೀಳುವಂತೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲು ಕೇಳಬೇಕಾದ ಪ್ರಶ್ನೆ, ಮಾಡು ಹಂಚಿನದೋ ಶೀಟಿನದೋ ಎಂದು. ಹಂಚಾದರೆ ದನಿ ಏರಿಸಿ ನಿಭಾಯಿಸಬಹುದು. ಶೀಟಿನ ಮೇಲೆ ಮಳೆ ಬಿದ್ದರೆ ಕೂಗಿದರೂ ಪ್ರಯೋಜನವಿಲ್ಲ, ಗಂಟಲು ಹೋಗುತ್ತದೆ ಅಷ್ಟೆ. ಅದಕ್ಕೆಂದೇ ಪ್ರತಿ ನಾಟಕದಲ್ಲೂ ಮಾತಿಲ್ಲದ ಎರಡು ದೃಶ್ಯ ಕಲಿತಿಟ್ಟುಕೊಂಡಿರುತ್ತೇನೆ: ಕಪ್ಪೆಯ ನಡಿಗೆ, ಕೊಡೆ ಹಾರಿಹೋದ ಅಜ್ಜಿ. ಮಳೆ ಜೋರಾದ ಕೂಡಲೇ ಮಾತು ನಿಲ್ಲಿಸಿ ಅದಕ್ಕೆ ಹೊರಳುತ್ತೇನೆ, ಮಳೆ ಇಳಿದ ಮೇಲೆ ದಮ್ಮಡಿಗೆ ಮೂರು ಪೆಟ್ಟು ಹಾಕಿ ಕತೆ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತೇನೆ.