ಫ್ಲಡ್ ಇನ್ಶೂರೆನ್ಸ್ ಯುಗಾದಿಗೇ ಮಾಡಿಸಿ, ಗಣೇಶನ ಹಬ್ಬದವರೆಗೆ ಕಾಯಬೇಡಿ

ಹೂಸ್ಟನ್ ಕಡೆ ಹೊಸದಾಗಿ ಮನೆ ಕೊಳ್ಳುವ ನಮ್ಮವರು ಸ್ಕೂಲ್ ಯಾವುದು, ಬಾಗಿಲು ಪೂರ್ವಕ್ಕಿದೆಯಾ, ಇಂಡಿಯನ್ ಅಂಗಡಿ ಎಷ್ಟು ದೂರ ಅಂತ ವಿಚಾರಿಸುತ್ತಾರೆ. ಜಾಗ ತಗ್ಗಿನಲ್ಲಿದೆಯಾ, ಮಳೆ ನೀರು ಯಾವ ಕಡೆ ಹರಿಯುತ್ತದೆ ಅಂತ ಕೇಳುವವರು ಕಡಿಮೆ. ಹೋದ ತಿಂಗಳು ಹಾಸನದ ಹುಡುಗನೊಬ್ಬ ಗೃಹಪ್ರವೇಶಕ್ಕೆ ಕರೆದಿದ್ದ. ಊಟದ ಹೊತ್ತಲ್ಲಿ, ಫ್ಲಡ್ ಇನ್ಶೂರೆನ್ಸ್ ಮಾಡಿಸಿದೆಯಾ ಅಂತ ಕೇಳಿದೆ. "ಹೋಮ್ ಇನ್ಶೂರೆನ್ಸ್ ಇದೆಯಲ್ಲ ಅಣ್ಣಾ. ನಮ್ಮದು ಎಕ್ಸ್ ಝೋನ್, ಸರ್ಕಾರದ ನಕ್ಷೆಯಲ್ಲಿ ಪ್ರವಾಹದ ಅಪಾಯ ಕಡಿಮೆ ಇರುವ ಜಾಗ, ಬ್ಯಾಂಕಿನವರೂ ಬೇಕು ಅನ್ನಲಿಲ್ಲ" ಅಂದ. 2020ರಲ್ಲಿ ನಾನೂ ಇದೇ ಮಾತು ಹೇಳಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಿರುಗಾಳಿ ಬರುವ ಮುಂಚೆ ನೀರಿನ ಬಾಟಲಿ, ಟಾರ್ಚ್, ಕಾರಿಗೆ ಪೆಟ್ರೋಲ್ ತುಂಬಿಸುವುದು ಇವೆಲ್ಲ ನಿಮಗೆ ಗೊತ್ತಿರುತ್ತದೆ. ಬಿಡಿ.

2020ರಲ್ಲಿ ಅಟ್ಲಾಂಟಿಕ್ ಕಡೆ ಹೆಸರಿಟ್ಟ ಬಿರುಗಾಳಿಗಳೇ 30. 2005ರ ದಾಖಲೆ ಮುರಿಯಿತು. ಅದರಲ್ಲಿ 11 ಅಮೆರಿಕದ ನೆಲಕ್ಕೆ ಬಡಿದವು. ಅದಕ್ಕೆ ಮುಂಚೆ ಒಂದೇ ವರ್ಷದಲ್ಲಿ ಹೆಚ್ಚೆಂದರೆ 9 ಬಂದಿದ್ದವು, ಅದೂ 1916ರಲ್ಲಿ. ವರ್ಷಕ್ಕೆ ಅಂತ ಇಟ್ಟುಕೊಂಡ 21 ಹೆಸರುಗಳು ಸೆಪ್ಟೆಂಬರ್ 18ಕ್ಕೇ ಖಾಲಿಯಾದವು. ಆ ಒಂದೇ ದಿನ ವಿಲ್ಫ್ರೆಡ್, ಆಲ್ಫಾ, ಬೀಟಾ ಅಂತ ಮೂರಕ್ಕೆ ಹೆಸರಿಟ್ಟರು. ಹೆಸರು ಮುಗಿದ ಮೇಲೆ ಗ್ರೀಕ್ ಅಕ್ಷರಗಳೇ ಗತಿಯಾಗಿದ್ದವು.

ಈಗ ನನ್ನ ಕಥೆ. ಆ ವರ್ಷ ಗಣೇಶನ ಹಬ್ಬ ಆಗಸ್ಟ್ 22ಕ್ಕೆ. ಹಬ್ಬ ಕಳೆದು ಮೂರು ದಿನಕ್ಕೆ ಲಾರಾ ಅನ್ನುವ ಬಿರುಗಾಳಿ ಮೆಕ್ಸಿಕೋ ಕೊಲ್ಲಿಗೆ ಬಂತು. ಟೀವಿಯಲ್ಲಿ ನಮ್ಮ ಕಡೆಗೇ ಬಾಣ ತೋರಿಸುತ್ತಿದ್ದರು. ಗಾಬರಿಯಾಗಿ ಅವತ್ತೇ ಆನ್‌ಲೈನ್‌ನಲ್ಲಿ ಫ್ಲಡ್ ಪಾಲಿಸಿ ತಗೊಂಡೆ. ಲಾರಾ ಪೂರ್ವಕ್ಕೆ ತಿರುಗಿ 27ರಂದು ಲೂಸಿಯಾನಾದ ಕ್ಯಾಮೆರಾನ್ ಹತ್ತಿರ ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಬಡಿಯಿತು. ನಾವು ಉಳಿದೆವು, ಪಾಲಿಸಿಯೂ ಇದೆ ಅಂತ ಸಮಾಧಾನ.

ಸೆಪ್ಟೆಂಬರ್ 21ರ ರಾತ್ರಿ ಬೀಟಾ ಬಂತು. ಅದು ಹರಿಕೇನ್ ಕೂಡ ಆಗಲಿಲ್ಲ, ಬರೀ ಟ್ರಾಪಿಕಲ್ ಸ್ಟಾರ್ಮ್. ಗಾಳಿಯೇ ಇಲ್ಲ ಅಂತ ಮಲಗಿದೆವು. ಬೆಳಗಿನ ಜಾವ ಅಡುಗೆಮನೆಯಲ್ಲಿ ಕಾಲಿಟ್ಟರೆ ಗೇಣುದ್ದ ನೀರು. ನೆಲದಲ್ಲಿಟ್ಟಿದ್ದ ಸೋನಾ ಮಸೂರಿ ಚೀಲ ಊದಿಕೊಂಡು ಹೊಲಿಗೆ ಬಿಚ್ಚಿತ್ತು. ನೀರು ಇಳಿದ ಮೇಲೆ ಗೋಡೆ ತುಂಬ ಒಂದೇ ಎತ್ತರದಲ್ಲಿ ಕಂದು ಗೆರೆ. ಆ ಗೆರೆ ಗೇಣುದ್ದದಲ್ಲಿದ್ದರೂ ಒಳಗೆ ತೇವ ಮೇಲಕ್ಕೆ ಹೀರಿಕೊಂಡಿರುತ್ತದೆ. ಸೊಂಟದ ಮಟ್ಟದವರೆಗೆ ಗೋಡೆಯ ಹಲಗೆ, ಅಂದರೆ ಶೀಟ್‌ರಾಕ್ ಕತ್ತರಿಸಿ ತೆಗೆಸಬೇಕಾಯಿತು. 28 ಸಾವಿರ ಡಾಲರ್ ಕೈಯಿಂದಲೇ ಹೋಯಿತು.

ಯಾಕೆ ಕೈಯಿಂದ ಅಂತೀರಾ? ಸರ್ಕಾರದ ಫ್ಲಡ್ ಪಾಲಿಸಿ ದುಡ್ಡು ಕಟ್ಟಿದ 30 ದಿನಕ್ಕೆ ಜಾರಿಗೆ ಬರುತ್ತದೆ. ಆಗಸ್ಟ್ 25ಕ್ಕೆ ಕಟ್ಟಿದ್ದು ಸೆಪ್ಟೆಂಬರ್ 24ಕ್ಕೆ ಶುರು. ನೀರು ಬಂದದ್ದು 22ರ ಬೆಳಗ್ಗೆ. ಎರಡೇ ದಿನ. 30 ಬಿರುಗಾಳಿ ಬರುವ ವರ್ಷದಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ 30 ದಿನ ಎಲ್ಲಿಂದ ಸಿಗುತ್ತದೆ? ಲೂಸಿಯಾನಾದವರು ಲಾರಾದಲ್ಲಿ ಹಾರಿದ ಚಾವಣಿಗೆ ನೀಲಿ ಟಾರ್ಪಾಲು ಹೊದಿಸಿಕೊಂಡಿದ್ದಾಗಲೇ, ಅಕ್ಟೋಬರ್ 9ಕ್ಕೆ ಅದೇ ಜಾಗದ ಹತ್ತಿರ ಡೆಲ್ಟಾ ಬಂತು.

ಬಿರುಗಾಳಿ ಸೀಸನ್ ಶುರುವಾಗುವುದು ಜೂನ್ 1ಕ್ಕೆ. ಹಾಗಾಗಿ ಏಪ್ರಿಲ್ ಒಳಗೇ ಪಾಲಿಸಿ ಆಗಬೇಕು. ಯುಗಾದಿ ದಿನ ಅಂತ ನೆನಪಿಟ್ಟುಕೊಳ್ಳಿ. ಮನೆ ಕೊಳ್ಳುತ್ತಿರುವವರಿಗೆ ಇನ್ನೊಂದು ದಾರಿ ಇದೆ. ಸಾಲದ ಕ್ಲೋಸಿಂಗ್ (ಕೊನೆಯ ಸಹಿ) ಜೊತೆಗೇ ತಗೊಂಡರೆ ಆ 30 ದಿನ ಕಾಯಬೇಕಿಲ್ಲ. ಆ ಅವಕಾಶ ದಯವಿಟ್ಟು ಬಿಡಬೇಡಿ.

ಹೋಮ್ ಇನ್ಶೂರೆನ್ಸ್ ಇದೆ ಅನ್ನುವವರಿಗೆ ಹೇಳುತ್ತೇನೆ: ಗಾಳಿಗೆ ಚಾವಣಿ ಕಿತ್ತು ಮೇಲಿಂದ ಬಿದ್ದ ನೀರು ಬೇರೆ, ನೆಲದಿಂದ ಏರಿದ ನೀರು ಬೇರೆ. ಎರಡನೆಯದಕ್ಕೆ ಅದರಲ್ಲಿ ಒಂದು ಕಾಸೂ ಬರುವುದಿಲ್ಲ. ಗಾಳಿಯ ಹಾನಿಗೂ ಡಿಡಕ್ಟಿಬಲ್ (ನಾವೇ ಭರಿಸುವ ಮೊದಲ ಪಾಲು) ಶೇಕಡಾ ಲೆಕ್ಕ ಇರಬಹುದು, ಅದು ಹಾನಿಯ ಮೇಲಲ್ಲ, ಮನೆಗೆ ಮಾಡಿಸಿದ ವಿಮೆಯ ಮೊತ್ತದ ಮೇಲೆ. 4 ಲಕ್ಷ ಡಾಲರ್ ವಿಮೆಗೆ ಶೇಕಡಾ 2 ಅಂದರೆ ಮೊದಲ 8 ಸಾವಿರ ನಿಮ್ಮದೇ. ಸರ್ಕಾರದ ಫ್ಲಡ್ ಪಾಲಿಸಿಯಲ್ಲಿ ಕಟ್ಟಡಕ್ಕೆ ಹೆಚ್ಚೆಂದರೆ 2.5 ಲಕ್ಷ, ಸಾಮಾನಿಗೆ 1 ಲಕ್ಷ. ಸಾಮಾನಿನದನ್ನು ಬೇರೆಯಾಗಿ ಕೇಳಿ ಸೇರಿಸಬೇಕು.

ಇದೊಂದು ವಿಷಯದಲ್ಲಿ ನಮ್ಮ ದೇಶದ ಪದ್ಧತಿಯೇ ವಾಸಿ ಅಂತ ನನಗೆ ಅನ್ನಿಸುತ್ತದೆ. ಅಲ್ಲಿನ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿ, ಚಂಡಮಾರುತ, ಪ್ರವಾಹ ಎಲ್ಲ ಒಟ್ಟಿಗೇ ಬರುತ್ತವೆ. ಮುಳುಗಿದವನು ಈ ನೀರು ಮೇಲಿಂದ ಬಂತೋ ಕೆಳಗಿಂದ ಬಂತೋ ಅಂತ ವಾದ ಮಾಡುತ್ತಾ ಕೂರಬೇಕಾಗಿಲ್ಲ. ಆದರೆ ಮುನ್ಸೂಚನೆಯಲ್ಲಿ, ಯಾವ ಪಿನ್ ಕೋಡಿನವರು ಮೊದಲು ಹೊರಡಬೇಕು ಅಂತ ಹೇಳುವುದರಲ್ಲಿ ಇಲ್ಲಿಯವರ ಅಚ್ಚುಕಟ್ಟು ಜಾಸ್ತಿ. ಅದನ್ನು ಒಪ್ಪಲೇಬೇಕು.

ಬಿರುಗಾಳಿಯ ಕ್ಯಾಟಗರಿ ಎಷ್ಟು ಅಂತ ನೋಡಿ ಧೈರ್ಯ ತಂದುಕೊಳ್ಳಬೇಡಿ. ಅದು ಗಾಳಿಯ ಅಳತೆ ಮಾತ್ರ, ಮಳೆಯದ್ದಲ್ಲ. 2017ರಲ್ಲಿ ಹಾರ್ವೆ ಬಂದಾಗ ಟೆಕ್ಸಸ್‌ನ ನೆದರ್‌ಲ್ಯಾಂಡ್ ಊರಿನಲ್ಲಿ 60 ಇಂಚಿಗೂ ಜಾಸ್ತಿ ಮಳೆ ಸುರಿಯಿತು. ಎಕ್ಸ್ ಝೋನ್‌ನ ಎಷ್ಟೋ ಮನೆಗಳು ಆಗ ಮುಳುಗಿದವು.

ಬಾಡಿಗೆಗೆ ಇರುವ ವಿದ್ಯಾರ್ಥಿಗಳೇ, ಕಾರಿಗೆ ಬರೀ ಲಯಬಿಲಿಟಿ (ಎದುರಿನವರ ನಷ್ಟಕ್ಕಷ್ಟೇ ಕೊಡುವ ವಿಮೆ) ಇದ್ದರೆ ನೀರು ಹೊಕ್ಕ ಎಂಜಿನ್‌ಗೆ ಏನೂ ಸಿಗುವುದಿಲ್ಲ. ನಮ್ಮ ಕಾರಿನ ಇಂಥ ಹಾನಿಗೂ ಕೊಡುವ ಕಾಂಪ್ರಹೆನ್ಸಿವ್ ಬೇಕು. ಅದನ್ನೂ ಮುಂಚೆಯೇ ಮಾಡಿಸಿಕೊಳ್ಳಿ. ಬಿರುಗಾಳಿ ಕೊಲ್ಲಿಗೆ ಬಂದ ಮೇಲೆ ಎಷ್ಟೋ ಕಂಪನಿಗಳು ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸುತ್ತವೆ. ಹಾಸನದ ಹುಡುಗನ ಸಾಲದ ಕ್ಲೋಸಿಂಗ್ ಮುಗಿದೇ ಹೋಗಿತ್ತು. ಗೃಹಪ್ರವೇಶದ ರಾತ್ರಿಯೇ ಕೂತು ಪಾಲಿಸಿ ಮಾಡಿಸಿದೆವು. ಈಗ ದಿನ ಎಣಿಸುತ್ತಿದ್ದಾನೆ.